ಎಷ್ಟು ಜನರಲ್ಲಿ?

ಇಂದು ಪದವಿ ಪಡೆಯುತ್ತಿರುವ ಗೆಳೆಯರೇ,

ನಿಮ್ಮಲ್ಲಿ ಹಲವರು ಬೀದರ, ಕಲಬುರಗಿ, ರಾಯಚೂರು ಕಡೆಯವರು. ಮಕ್ಕಳು ಗೌನು ತೊಟ್ಟು ನಿಲ್ಲುವುದನ್ನು ಕಣ್ತುಂಬ ನೋಡಲೆಂದು ರಾತ್ರಿ ಬಸ್ಸು ಹತ್ತಿ ಬಂದ ಅಪ್ಪ ಅಮ್ಮಂದಿರು ಹಿಂದಿನ ಸಾಲುಗಳಲ್ಲಿ ಕೂತಿದ್ದಾರೆ. ಅವರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಮಾತನಾಡುತ್ತೇನೆ.

ಹೈದರಾಬಾದಿನ ಈ ಬಾಲಾನಗರ ಔಷಧಿಯ ಊರು. 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್, ಸೋವಿಯತ್ ನೆರವಿನಿಂದ ಇಲ್ಲಿ ಕಾರ್ಖಾನೆ ಕಟ್ಟಿತು. ಅಲ್ಲಿ ಕೆಲಸ ಕಲಿತವರಲ್ಲಿ ಕೆಲವರು ಮುಂದೆ ತಮ್ಮವೇ ಕಂಪನಿಗಳನ್ನು ತೆರೆದರು. ಮಾತ್ರೆ ತಯಾರಿಸುವ ವಿದ್ಯೆ ಈ ಮಣ್ಣಿನಲ್ಲಿ ಹೀಗೆ ಬೇರು ಬಿಟ್ಟಿದೆ. ಆ ಮಾತ್ರೆ ಬೇಕಾದವರು ಎಷ್ಟು ಜನ, ಅವರು ಎಲ್ಲಿದ್ದಾರೆ, ಅದು ಎಷ್ಟು ಮಂದಿಯ ಕೈಸೇರಿತು, ಸೇರಿದವರಿಗೆ ಗುಣವಾಯಿತೇ ಎಂದು ಕೇಳುವ ಸಂಖ್ಯಾಶಾಸ್ತ್ರದ ವಿದ್ಯೆ ನಿಮ್ಮದು.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರುಗಳನ್ನು ಮುಂದಿಟ್ಟುಕೊಂಡು ಕ್ಷಯರೋಗಿಗಳನ್ನು ಎಣಿಸಿದೆ. ಹೆಂಗಸರ ಹೆಸರು ಬಹಳ ಕಡಿಮೆ ಇದ್ದವು. ಶೇಕಡಾವಾರು ತೆಗೆದೆ, ಕೋಷ್ಟಕ ಹಾಕಿದೆ, ಈ ತಾಲ್ಲೂಕಿನ ಹೆಂಗಸರಲ್ಲಿ ಕ್ಷಯ ಅಪರೂಪ ಎಂದು ಬರೆದೆ. ಅದನ್ನು ಓದಿ ಹೇಳುತ್ತಿದ್ದಾಗ ಅಲ್ಲಿದ್ದ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ತಡೆದರು: "ಸಾಹೇಬ್ರ, ಹೆಣ್ಮಕ್ಕಳಿಗೆ ಕೆಮ್ಮು ಬರಂಗಿಲ್ಲ ಅಂತಲ್ರೀ. ಅವರು ದವಾಖಾನಿಗೆ ಬರಂಗಿಲ್ಲ."

ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಬಾಯಿಪಾಠ ಮಾಡಿದ್ದೆವಲ್ಲ. ನನ್ನ ಛೇದದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಷ್ಟೇ ಇದ್ದರು. ಅಲ್ಲಿ ಇಡೀ ತಾಲ್ಲೂಕು ಇರಬೇಕಿತ್ತು. ಅಂಶವೂ ಅದೇ ತಾಲ್ಲೂಕಿನ ಮನೆಗಳಿಂದಲೇ ಬರಬೇಕಿತ್ತು.

ಆ ಮಾತು ಕೇಳಿದ ಮೇಲೆ ನಾನು ಹುಡುಕಿ ಓದಿದ್ದು ತುಮಕೂರಿನ ಅಧ್ಯಯನಗಳನ್ನು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನವರು ಅರವತ್ತರ ದಶಕದ ಮೊದಲಲ್ಲೇ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡು, ಜನರಿದ್ದಲ್ಲಿಗೇ ಹೋಗಿ ಎಕ್ಸ್‌ರೇ ತೆಗೆದರು, ಕಫ ಪರೀಕ್ಷಿಸಿದರು. ಹೀಗೆ ರೋಗ ಕಂಡವರನ್ನು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಕೂರಿಸಿಕೊಂಡು ಮಾತನಾಡಿಸಿದರು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವೇ ಇಲ್ಲ, ಪ್ರಚಾರ ಮಾಡಿ ತಿಳಿಹೇಳಬೇಕು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. 1963ರಲ್ಲಿ ಪ್ರಕಟವಾದ ಅವರ ಲೇಖನ ಬೇರೆಯದನ್ನೇ ಹೇಳಿತು. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಿತ್ತು. ಬಹುಪಾಲು ಜನ ಆ ಚಿಂತೆಯಲ್ಲಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಅವರಲ್ಲಿ ಅನೇಕರು ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮನೆಗೆ ಮರಳಿದ್ದರು.

ಇದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೂಲಿ ಬಿಟ್ಟು, ಮೈಲುಗಟ್ಟಲೆ ನಡೆದು ಬಂದು, ಬಾಗಿಲು ತಟ್ಟಿದ ಜನ ಅವರು. ರಿಜಿಸ್ಟರಿನಲ್ಲಿ ಬರೀ ಕೆಮ್ಮಿನ ಲೆಕ್ಕಕ್ಕೆ ಸೇರಿ ಮರೆಯಾಗಿದ್ದರು. ಮನೆ ಮನೆ ಎಣಿಸಿದ್ದರಿಂದಲೇ ಮತ್ತೆ ಕಣ್ಣಿಗೆ ಬಿದ್ದರು. ಕೆಮ್ಮೆಂದು ಬಂದವರ ಕಫವನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಸೂಕ್ಷ್ಮದರ್ಶಕದಡಿ ನೋಡಬೇಕು ಎಂಬ ನೀತಿ 1962ರ ರಾಷ್ಟ್ರೀಯ ಕಾರ್ಯಕ್ರಮದ ಬುನಾದಿಯಾದದ್ದು ಈ ಬಗೆಯ ಕೆಲಸದಿಂದ.

ಇನ್ನೊಂದು ಅಧ್ಯಯನ ತಮಿಳುನಾಡಿನ ಚೆಂಗಲ್ಪಟ್ಟಿನದು. 1968ರಿಂದ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಬಿಸಿಜಿ ಲಸಿಕೆಯ ಪರೀಕ್ಷೆ ನಡೆಯಿತು. ಯಾರಿಗೆ ಲಸಿಕೆ, ಯಾರಿಗೆ ಲಸಿಕೆಯಿಲ್ಲದ ಸೂಜಿ ಎಂಬುದನ್ನು ಯಾರ ಇಷ್ಟಕ್ಕೂ ಬಿಡದೆ ಯಾದೃಚ್ಛಿಕವಾಗಿ ಹಂಚಿದರು. ಇಷ್ಟಕ್ಕೆ ಬಿಟ್ಟಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದು ಕಡೆ ಸೇರಿ, ಅವರ ಆರೋಗ್ಯವೇ ಲಸಿಕೆಯ ಗುಣವಾಗಿ ಕಾಣುವ ಅಪಾಯವಿತ್ತು. ಹದಿನೈದು ವರ್ಷಗಳ ನಿಗಾದ ಕೊನೆಗೂ, ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಈ ಲಸಿಕೆಯಿಂದ ಅಲ್ಲಿ ರಕ್ಷಣೆ ಸಿಗಲಿಲ್ಲ ಎಂಬುದೇ ಉತ್ತರ. ಎಳೆಯ ಮಕ್ಕಳ ಮೆದುಳಿಗೆ ತಗಲುವ ಕ್ಷಯವನ್ನು ಅದು ತಡೆಯುವುದರಿಂದ ಇಂದಿಗೂ ಕೂಸುಗಳಿಗೆ ಹಾಕುತ್ತೇವೆ. ಎಲ್ಲರೂ ಬೇರೆ ಉತ್ತರಕ್ಕಾಗಿ ಕಾಯುತ್ತಿದ್ದಾಗ ಬಂದ ಉತ್ತರವನ್ನು ಬಂದಂತೆ ಅಚ್ಚು ಹಾಕಿದವರಿಗೆ ನಾನು ಕೈಮುಗಿಯುತ್ತೇನೆ.

ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಹೆಸರಿನ ಸಂಸ್ಥೆ ಇದೇ ನಗರದ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಪಕ್ಷಪಾತವಿಲ್ಲದ ಅಂದಾಜೊಂದು ಎಷ್ಟರಮಟ್ಟಿಗೆ ನಿಖರವಾಗಿರಬಲ್ಲದು ಎಂಬುದಕ್ಕೆ ಒಂದು ಮಿತಿಯಿದೆ ಎಂದು 1945ರಲ್ಲೇ ಅವರು ತೋರಿಸಿದರು. ಆ ಪ್ರಮೇಯವನ್ನು ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ. 'ಪಕ್ಷಪಾತವಿಲ್ಲದ' ಎಂಬ ಪದದ ಕೆಳಗೆ ಇವತ್ತು ಇನ್ನೊಂದು ಗೆರೆ ಎಳೆದುಕೊಳ್ಳಿ. ಕಂಪ್ಯೂಟರು ಕ್ಷಣದಲ್ಲಿ ಪಿ ಮೌಲ್ಯ ಕೊಡುತ್ತದೆ. ತಟ್ಟದೆ ಬಿಟ್ಟ ಮನೆಯ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ.

ಆ ಆರೋಗ್ಯ ಸಹಾಯಕಿ ಮರುದಿನ ನನ್ನನ್ನು ತಮ್ಮ ಜೊತೆ ಕರೆದುಕೊಂಡು ಹೋದರು. ಓಣಿಯ ನಾಲ್ಕನೇ ಮನೆಗೆ ಬೀಗ ಹಾಕಿತ್ತು. ಮುಂದಿನದಕ್ಕೆ ಹೋಗೋಣ ಎಂದೆ. ಅವರು ಪುಸ್ತಕದಲ್ಲಿ 'ಬೀಗ' ಎಂದು ಬರೆದುಕೊಂಡು, "ಸಂಜಿಗೆ ಬರೋಣ್ರೀ" ಎಂದರು. ಸಂಜೆ ಹೋದಾಗ ಹೊಲದ ಕೆಲಸ ಮುಗಿಸಿ ಬಂದ ಹೆಣ್ಣುಮಗಳೊಬ್ಬಳು ಒಲೆ ಹೊತ್ತಿಸುತ್ತಿದ್ದಳು, ನಡುನಡುವೆ ಕೆಮ್ಮುತ್ತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದರೆ, ಸುಗ್ಗಿಗೂ ಮುಂಚಿನಿಂದ ಎಂದಳು. ಸಹಾಯಕಿ ಚೀಲದಿಂದ ಕಫದ ಡಬ್ಬಿ ತೆಗೆದು ಅದರ ಮೇಲೆ ಹೆಸರು ಬರೆದರು. ಮೂರನೇ ದಿನ ಆ ಹೆಸರನ್ನು ನಾನು ನನ್ನ ಪಟ್ಟಿಗೆ ಸೇರಿಸಿದೆ.