ತಿದ್ದಿದ ಗೆರೆಗಳು

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಗಿಟಾರ್ ತೂಗುಹಾಕಿದೆ. ನಾನೇ ಮಾಡಿದ್ದೆಂದು ತಿಳಿದವರು ಹೊಗಳುತ್ತಾರೆ. ಆದರೆ ಹತ್ತಿರ ಹೋಗಿ ನೋಡಿದರೆ ಅದರ ಪಕ್ಕದ ಬಾಗಿನಲ್ಲಿ ಒಂದು ಬಿರುಕಿನ ಗುರುತೂ ಕತ್ತಿನ ಮೇಲೆ ಕೂದಲೆಳೆಯಂಥ ಗೆರೆಗಳೂ ಕಾಣುತ್ತವೆ. ಇಂದು ನಾನು ಹೇಳಬೇಕೆಂದಿರುವುದು ಆ ಗುರುತುಗಳ ಕಥೆಯನ್ನು.

ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ತಂದೆಯವರ ಬೀಟೆಮರದ ಮಂಚ ನನ್ನ ಪಾಲಿಗೆ ಬಂತು. ಕಾಲುಗಳು ಮುರಿದಿದ್ದವು, ತಲೆಗಡೆಯ ಹಲಗೆ ಮಾತ್ರ ಗಟ್ಟಿಯಾಗಿತ್ತು. ಪಶ್ಚಿಮಘಟ್ಟದ ಬೀಟೆಗೆ ಹೊರದೇಶದ ಗಿಟಾರ್ ತಯಾರಕರಲ್ಲಿ ಬಹಳ ಮನ್ನಣೆಯುಂಟು. ನನ್ನ ಮಗಳು ಆಗ ಗಿಟಾರ್ ಕಲಿಯುತ್ತಿದ್ದಳು. ಅಜ್ಜನ ಮಂಚ ಮೊಮ್ಮಗಳ ಕೈಯಲ್ಲಿ ನುಡಿಯಲಿ ಎಂಬ ಆಸೆ ನನಗೆ ಹುಟ್ಟಿತು. ಮುಂಬದಿಗೆ ಸ್ಪ್ರೂಸ್ ಮರ ತರಿಸಿದೆ. ಬೀಟೆಯ ಹಲಗೆಯನ್ನು ಸೀಳಿಸಿದಾಗ ಹಿಂಬದಿಗೆ, ಎರಡು ಪಕ್ಕಗಳಿಗೆ, ಬೆರಳುಹಲಗೆಗೆ ಸರಿಯಾಯಿತು. ಕೆಟ್ಟರೆ ಬದಲಿಗೆ ಇನ್ನೊಂದು ಮಂಚವಿರಲಿಲ್ಲ.

ಪಕ್ಕದ ಪಟ್ಟಿ ಎರಡು ಮಿಲಿಮೀಟರಿನಷ್ಟೇ ದಪ್ಪ. ಅದನ್ನು ನೀರಿನಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಮೆಲ್ಲಮೆಲ್ಲನೆ ಬಾಗಿಸಬೇಕು. ನಾನು ಅವಸರಪಟ್ಟೆ, ನಡುವಿನ ಬಾಗಿನಲ್ಲಿ ಮರ ಚಿಟ್ಟೆಂದು ಬಿರಿಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ನಮ್ಮೂರಿನ ಬಡಗಿ ಮೇಸ್ತ್ರಿ ಬಂದು ನೋಡಿ, ತೆಳ್ಳಗೆ ಕಾಯಿಸಿದ ಸರೇಸನ್ನು ಬಿರುಕಿಗೆ ಊಡಿ, ಅಚ್ಚಿಗೆ ಬಿಗಿಸಿದರು. ಒಣಗಿದ ಮೇಲೆ ಒಳಬದಿಯಲ್ಲಿ ಮರದ ನರಕ್ಕೆ ಅಡ್ಡಲಾಗಿ ಪುಟ್ಟ ಚೌಕಗಳನ್ನು ಅಂಟಿಸಿದರು. ಸ್ಪೇನಿನ ಆಂತೋನಿಯೊ ದೆ ತೊರೆಸ್ ೧೮೬೨ರಲ್ಲಿ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದಲೇ ಮಾಡಿ, ನಾದಕ್ಕೆ ಮೇಲ್ಹಲಗೆಯೇ ಮುಖ್ಯವೆಂದು ತೋರಿಸಿದ್ದನಂತೆ. ಅದನ್ನು ನೆನೆದು ನಾನೂ ಸಮಾಧಾನ ತಂದುಕೊಂಡೆ.

ಎರಡನೆಯ ತಪ್ಪು ಇದಕ್ಕಿಂತ ನಾಚಿಕೆಗೇಡಿನದು. ವೀಣೆಯ ೨೪ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಶ್ರುತಿ ತಪ್ಪಿದರೆ ಮೇಣವನ್ನು ಬಿಸಿಮಾಡಿ ಸರಿಸಬಹುದು. ಗಿಟಾರಿನಲ್ಲಿ ಈ ಅನುಕೂಲವಿಲ್ಲ. ಬೆರಳುಹಲಗೆಯಲ್ಲಿ ಗರಗಸದಿಂದ ಸೀಳು ಕೊಯ್ದು ಮೆಟ್ಟಿಲನ್ನು ಹೊಡೆದು ಕೂರಿಸಬೇಕು. ಅವುಗಳ ಜಾಗವನ್ನು ನಿಶ್ಚಯಿಸುವುದು ಗಣಿತ. ೧೫೮೧ರಲ್ಲಿ ವಿನ್ಸೆಂಜೊ ಗೆಲಿಲೇಯಿ, ಪ್ರಸಿದ್ಧ ಗೆಲಿಲಿಯೊನ ತಂದೆ, ತಂತಿಯ ಉದ್ದವನ್ನು ೧೮ರಿಂದ ಭಾಗಿಸುವ ಕ್ರಮವನ್ನು ಹೇಳಿದ. ಇಂದಿನ ನಿಖರವಾದ ಭಾಜಕ ೧೭.೮೧೭. ೬೫೦ ಮಿಲಿಮೀಟರಿನ ತಂತಿಗೆ ಮೊದಲ ಮೆಟ್ಟಿಲು ಸುಮಾರು ೩೬.೫ರಲ್ಲಿ ಬರುತ್ತದೆ, ಉಳಿದುದನ್ನು ಹೀಗೆಯೇ ಭಾಗಿಸುತ್ತ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ೩೨೫ರಲ್ಲಿ, ಬೀಳಬೇಕು.

ನನ್ನದು ೩೨೩ರಲ್ಲಿ ಬಿದ್ದಿತ್ತು! ಲೆಕ್ಕ ಸರಿಯಾಗಿತ್ತು. ಆದರೆ ಎಲ್ಲವನ್ನೂ ಕತ್ತಿನ ತುದಿಯಿಂದಲೇ ಅಳೆಯುವ ಬದಲು, ಒಂದೊಂದನ್ನೂ ಅದರ ಹಿಂದಿನ ಗೆರೆಯಿಂದ ಅಳೆದಿದ್ದೆ. ರೇಖೆಗೆ ಅಗಲವಿಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದವನು, ಪೆನ್ಸಿಲಿನ ಗೆರೆಗೆ ಅಗಲವುಂಟೆಂಬುದನ್ನು ಮರೆತಿದ್ದೆ. ಸಣ್ಣ ಸಣ್ಣ ತಪ್ಪುಗಳು ಕೂಡಿ ಎರಡು ಮಿಲಿಮೀಟರ್ ಆಗಿದ್ದವು.

ತಂತಿಯನ್ನು ಹೊರುವ ಕುದುರೆಯನ್ನು ಇನ್ನೂ ಅಂಟಿಸಿರಲಿಲ್ಲ. ಅದನ್ನು ತುಸು ಮುಂದಕ್ಕೆ ಸರಿಸಿದರೆ ಹನ್ನೆರಡನೆಯದು ನಡುವಿಗೆ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಮನಸ್ಸು ಹೇಳಿತು. ಆದರೆ ತಪ್ಪು ಎಲ್ಲ ಕಡೆಯೂ ಒಂದೇ ಸಮನಾಗಿರಲಿಲ್ಲ. ಒಂದನ್ನು ಮುಚ್ಚಿದರೆ ಉಳಿದವು ಅಪಸ್ವರ ನುಡಿಯುತ್ತಿದ್ದವು. ಆ ಅಪಸ್ವರಕ್ಕೆ ಮಗಳ ಕಿವಿ ಒಗ್ಗಿಹೋಗುತ್ತಿತ್ತು.

ಮೇಸ್ತ್ರಿ ನಕ್ಕು, “ಮೇಷ್ಟ್ರೇ, ಹುಡುಗರ ಪುಸ್ತಕಕ್ಕೆ ಕೆಂಪು ಶಾಯಿ ಹಾಕ್ತಿದ್ರಲ್ಲ, ಈಗ ನಿಮ್ಮದಕ್ಕೂ ಹಾಕ್ಕೊಳ್ಳಿ” ಎಂದರು. ಸೀಳಿದಾಗ ಉಳಿದ ಚೂರುಗಳಿಂದ ಕಾಗದದಷ್ಟು ತೆಳುವಾದ ಪಟ್ಟಿಗಳನ್ನು ತೆಗೆದು, ಎಲ್ಲ ಸೀಳುಗಳಿಗೂ ತುಂಬಿ ಅಂಟಿಸಿ, ಮಟ್ಟಮಾಡಿ, ತುದಿಯಿಂದಲೇ ಹೊಸದಾಗಿ ಅಳೆದು ಮತ್ತೆ ಕೊಯ್ದೆವು. ಮೂರು ದಿನದ ಕೆಲಸ ಹದಿನೈದು ದಿನ ಹಿಡಿಯಿತು.

ಕೆಲಸದ ನಡುವೆ ಮೇಸ್ತ್ರಿಯವರನ್ನು ಕೇಳಿದೆ: ಇಷ್ಟೊಂದು ಹೊಸ ಅಂಟುಗಳಿರುವಾಗ ದನದ ಚರ್ಮ ಕುದಿಸಿ ತೆಗೆದ ಈ ಹಳೆಯ ಸರೇಸೇ ಏಕೆ? ಅವರೆಂದರು: “ಬಿಸಿ, ತೇವ ತಗುಲಿದರೆ ಇದು ಬಿಟ್ಟುಕೊಡ್ತದೆ. ನಾಳೆ ಯಾರಾದರೂ ರಿಪೇರಿಗೆ ಬಿಚ್ಚಬೇಕಾದರೆ ಮರ ಹರಿಯಬಾರದು ನೋಡಿ.” ತಾವು ಮಾಡಿದ ಕೆಲಸದಲ್ಲಿಯೂ ತಪ್ಪಿರಬಹುದೆಂದು ಎಣಿಸಿ, ಮುಂದೆ ಬರುವವನಿಗೆ ದಾರಿ ಬಿಡುವುದು ಅವರ ರೀತಿ. ಆ ವಿನಯ ನನ್ನ ಪಾಠಗಳಲ್ಲಿ ಇತ್ತೇ ಎಂದು ಯೋಚಿಸುವಂತಾಯಿತು.

ತರಗತಿಯಲ್ಲಿ ನಾನು ಹುಡುಗರಿಗೆ, ತಪ್ಪಾದರೆ ಉಜ್ಜಿ ಅಳಿಸಬೇಡಿ, ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ, ಎಂದು ಹೇಳುತ್ತಿದ್ದೆ. ಮಗಳು ರಜೆಯಲ್ಲಿ ಊರಿಗೆ ಬಂದಾಗ ಗೋಡೆಯ ಮೇಲಿನ ಗಿಟಾರನ್ನು ಇಳಿಸಿಕೊಂಡು ನುಡಿಸುತ್ತಾಳೆ. ಅವಳ ಬೆರಳುಗಳ ನಡುವೆ ಆ ಸಣ್ಣ ಗೆರೆಗಳು ಕಾಣುತ್ತವೆ. ಶ್ರುತಿ ಸರಿಯಾಗಿದೆ.