ವೈಗಾಟ್‌ಸ್ಕಿಯನ್ನು ಇಡಿಯಾಗಿ ಓದೋಣ



ಸೋವಿಯತ್ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಹೆಸರು ಕೇಳದ ಬಿ.ಎಡ್. ವಿದ್ಯಾರ್ಥಿ ಇಂದು ಸಿಗುವುದು ಕಷ್ಟ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವವರಿಗಂತೂ ಪಿಯಾಜೆ, ಕೋಲ್‌ಬರ್ಗ್ ಜೊತೆಗೆ ಅವರ ಹೆಸರೂ ಬಾಯಿಪಾಠ. ಆದರೆ ಅವರ ಬರಹವನ್ನೇ ಕೈಗೆತ್ತಿಕೊಂಡು ಓದಿದವರು ನಮ್ಮಲ್ಲಿ ವಿರಳ. ಇದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಕೊರತೆ.

1896ರಲ್ಲಿ ಓರ್ಷಾದಲ್ಲಿ ಹುಟ್ಟಿ ಗೋಮೆಲ್‌ನಲ್ಲಿ ಬೆಳೆದ ವೈಗಾಟ್‌ಸ್ಕಿ 1934ರ ಜೂನ್‌ನಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಆಗ ಅವರಿಗಿನ್ನೂ 37 ವರ್ಷ. 'ಚಿಂತನೆ ಮತ್ತು ಮಾತು' ಹೊರಬಂದದ್ದು ಅವರ ಸಾವಿನ ನಂತರ, ಅದೇ ವರ್ಷ. 1936ರಲ್ಲಿ ಅವರು ದುಡಿದ ಮಕ್ಕಳ ಅಧ್ಯಯನದ ಇಡೀ ಶಾಖೆಯನ್ನೇ ಸೋವಿಯತ್ ಪಕ್ಷ ಖಂಡಿಸಿತು. ಪುಸ್ತಕ ಅಲ್ಲಿ ಮರುಮುದ್ರಣ ಕಂಡದ್ದು 1956ರಲ್ಲಿ. 1962ರಲ್ಲಿ ಹಾನ್‌ಫ್‌ಮನ್ ಮತ್ತು ವಕಾರ್ ಅದನ್ನು ಇಂಗ್ಲಿಷಿಗೆ ತಂದರು, ಆದರೆ ಬಹಳಷ್ಟು ಕತ್ತರಿಸಿ. 1978ರ 'ಮೈಂಡ್ ಇನ್ ಸೊಸೈಟಿ' ಬೇರೆಬೇರೆ ಬರಹಗಳನ್ನು ಸಂಪಾದಕರು ಜೋಡಿಸಿ ಮಾಡಿದ ಪುಸ್ತಕ. ಹಾಗೆಂದು ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಈ ಎರಡು ಪುಸ್ತಕಗಳಿಂದಲೇ ವೈಗಾಟ್‌ಸ್ಕಿ ಜಗತ್ತಿಗೆ ಪರಿಚಯವಾದರು. ಆ ಅನುವಾದಕರಿಗೆ, ಸಂಪಾದಕರಿಗೆ ನಾವು ಋಣಿಗಳು. ಆದರೆ ಮಿನಿಕ್ ಅವರ ಪೂರ್ಣ ಅನುವಾದ 1987ರಲ್ಲೇ ಬಂದಿರುವಾಗ ಇನ್ನೂ ಸಂಕ್ಷಿಪ್ತ ರೂಪಕ್ಕೇ ಅಂಟಿಕೊಂಡಿರುವುದು ಸರಿಯಲ್ಲ.

ಬಿಟ್ಟುಹೋದದ್ದು ಮುಖ್ಯವಾಗಿ ವಾಗ್ವಾದ. ವೈಗಾಟ್‌ಸ್ಕಿ ಬೇರೆಯವರೊಂದಿಗೆ ವಾದಿಸುತ್ತಲೇ ಯೋಚಿಸಿದವರು. ಮಗು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಬೆಳೆಯುತ್ತ ಅಳಿದುಹೋಗುತ್ತದೆ ಎಂದು ಪಿಯಾಜೆ ಬರೆದಿದ್ದರು. ಅಳಿಯುವುದಿಲ್ಲ, ಒಳಕ್ಕೆ ಇಳಿದು ಆಲೋಚನೆಯಾಗುತ್ತದೆ ಎಂದರು ವೈಗಾಟ್‌ಸ್ಕಿ. ಅವರು ಕೊಡುವ ಒಂದು ಪ್ರಸಂಗ ಕೇಳಿ. ಐದೂವರೆ ವರ್ಷದ ಮಗು ಟ್ರಾಮ್ ಗಾಡಿಯ ಚಿತ್ರ ಬಿಡಿಸುತ್ತಿದೆ. ಚಕ್ರ ಸುತ್ತುವಾಗ ಪೆನ್ಸಿಲ್ ಮೊನೆ ಮುರಿಯಿತು. ಒತ್ತಿ ಎಳೆದರೂ ಕಾಗದದ ಮೇಲೆ ಬಣ್ಣವಿಲ್ಲದ ಗೀರಷ್ಟೇ. 'ಮುರೀತು' ಎಂದು ಗೊಣಗಿಕೊಂಡ ಮಗು ಪೆನ್ಸಿಲ್ ಪಕ್ಕಕ್ಕಿಟ್ಟು, ಜಲವರ್ಣ ತೆಗೆದುಕೊಂಡು, ಅಪಘಾತದಲ್ಲಿ ಮುರಿದ ಟ್ರಾಮನ್ನೇ ಬಿಡಿಸತೊಡಗಿತು. ಆ ಗೊಣಗಾಟವೇ ಕೆಲಸದ ದಿಕ್ಕು ಬದಲಿಸಿತು. ತರಗತಿಯಲ್ಲಿ ಗೊಣಗುವ ಮಗುವಿಗೆ 'ಸುಮ್ಮನೆ ಕೂತು ಬರಿ' ಎನ್ನುವ ಮೊದಲು ಪ್ರತಿ ಶಿಕ್ಷಕರೂ ಈ ಪುಟ ಓದಿರಬೇಕು.

ಪಿಯಾಜೆ ಈ ಟೀಕೆಯನ್ನು ಓದಿದ್ದು ವೈಗಾಟ್‌ಸ್ಕಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಚರ್ಚಿಸಬಹುದಾಗಿದ್ದ ಸಹವಿದ್ವಾಂಸ ಇಲ್ಲವಲ್ಲ ಎಂಬ ವಿಷಾದ 1962ರ ಅವರ ಪ್ರತಿಕ್ರಿಯೆಯಲ್ಲಿದೆ. ಹಲವು ಮಾತನ್ನು ಅವರು ಒಪ್ಪಿಯೂ ಇದ್ದಾರೆ. ಗೈಡುಗಳು ಇಬ್ಬರನ್ನೂ ಎರಡು ಕಂಬಸಾಲಿನ ಪಟ್ಟಿಯಲ್ಲಿ ಎದುರುಬದುರು ಕೂರಿಸುತ್ತವೆ. ಈ ಸಂವಾದ ಅಲ್ಲಿ ಸಿಗುವುದಿಲ್ಲ.

'ಸಮೀಪ ವಿಕಾಸದ ವಲಯ'ದ, ಅಂದರೆ ಮಗು ಒಬ್ಬಂಟಿಯಾಗಿ ಮಾಡುವುದಕ್ಕೂ ನೆರವಿನಿಂದ ಮಾಡುವುದಕ್ಕೂ ನಡುವಿನ ಅಂತರದ, ಗತಿಯೂ ಇದೇ. ವೈಗಾಟ್‌ಸ್ಕಿಯ ಉದಾಹರಣೆಯಲ್ಲಿ ಇಬ್ಬರು ಮಕ್ಕಳ ಮಾನಸಿಕ ವಯಸ್ಸೂ 8. ಕೊಂಚ ಸಹಾಯ ಸಿಕ್ಕಾಗ ಒಂದು ಮಗು 12ರ ಮಕ್ಕಳ ಲೆಕ್ಕ ಬಿಡಿಸುತ್ತದೆ, ಇನ್ನೊಂದು 9ಕ್ಕೇ ನಿಲ್ಲುತ್ತದೆ. ಹಾಗಾದರೆ ಇಬ್ಬರೂ ಸಮಾನರೆ? ಒಬ್ಬಂಟಿಯಾಗಿ ಮಾಡಿದ್ದನ್ನಷ್ಟೇ ಅಳೆಯುವ ಪರೀಕ್ಷೆಯ ಬುಡವನ್ನೇ ಈ ಪ್ರಶ್ನೆ ಅಲುಗಾಡಿಸುತ್ತದೆ. ನಾವಾದರೋ ಆ ವಲಯವನ್ನು ಪಾಠಯೋಜನೆಯ ಒಂದು ಕಾಲಂ ಮಾಡಿಕೊಂಡಿದ್ದೇವೆ. ಅವರ ಹೆಸರಿಗೇ ಅಂಟಿಸುವ 'ಸ್ಕ್ಯಾಫೋಲ್ಡಿಂಗ್' (ಕಲಿಯುವವರಿಗೆ ಕೊಡುವ ತಾತ್ಕಾಲಿಕ ಆಸರೆ) ಎಂಬ ಪದ ಅವರದ್ದಲ್ಲ. ವುಡ್, ಬ್ರೂನರ್, ರಾಸ್ 1976ರಲ್ಲಿ ಬಳಕೆಗೆ ತಂದದ್ದು.

ಈ ಸಂಕಿರಣದಿಂದ ನನ್ನ ಅಪೇಕ್ಷೆ ಇಷ್ಟು: ಪ್ರಬಂಧ ಮಂಡಿಸುವವರು ದಯವಿಟ್ಟು ಯಾವ ಅನುವಾದ, ಯಾವ ವರ್ಷದ್ದು ಎಂದು ಮೊದಲೇ ಹೇಳಿ. 'ಚಿಂತನೆ ಮತ್ತು ಮಾತು' ಕೃತಿಯ ಪಿಯಾಜೆ ಅಧ್ಯಾಯವನ್ನೂ ಪಿಯಾಜೆಯ ಪ್ರತಿಕ್ರಿಯೆಯನ್ನೂ ಒಟ್ಟಿಗೆ ಕನ್ನಡಕ್ಕೆ ತರಲು ರಷ್ಯನ್ ಬಲ್ಲವರೂ ತರಗತಿಯಲ್ಲಿ ದುಡಿಯುವವರೂ ಜೊತೆಗೂಡಿ. ಆ ತಂಡ ಯಾರದ್ದು, ಯಾವ ಪುಟದಿಂದ ಶುರು ಎಂಬುದನ್ನು ಸಮಾರೋಪದೊಳಗೆ ತೀರ್ಮಾನಿಸೋಣ.