ಮಾಸಿನಲ್ಲಿ ಅಡಗಿದ ಚಳಿಜ್ವರ



ಬಸುರಿಗೆ ಜ್ವರವಿಲ್ಲ, ಬೆರಳು ಚುಚ್ಚಿ ತೆಗೆದ ರಕ್ತದಲ್ಲೂ ಏನೂ ಕಾಣುವುದಿಲ್ಲ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಅದನ್ನು ಕೊಯ್ದು, ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಲೇರಿಯಾ ರೋಗಾಣುಗಳು ಕಿಕ್ಕಿರಿದಿವೆ. ಪನಾಮಾ ಕಾಲುವೆ ವಲಯದ ಅಂಕೋನ್‌ನಲ್ಲಿ ಕೆಲಸ ಮಾಡುತ್ತಿದ್ದ ಹರ್ಬರ್ಟ್ ಕ್ಲಾರ್ಕ್ ಎಂಬ ರೋಗಶಾಸ್ತ್ರಜ್ಞ 1915ರಲ್ಲಿ ಇದನ್ನು ಪ್ರಕಟಿಸಿದ. ಕಾಲುವೆ ಅದರ ಹಿಂದಿನ ವರ್ಷವಷ್ಟೇ ತೆರೆದಿತ್ತು. ಹಡಗುಗಳ ಸುದ್ದಿ ಜಗತ್ತೆಲ್ಲ ಹಬ್ಬಿತು, ಮಾಸಿನ ಸುದ್ದಿ ವೈದ್ಯಕೀಯ ಪತ್ರಿಕೆಯಲ್ಲೇ ಉಳಿಯಿತು. 1925ರಲ್ಲಿ ಸಿಯೆರಾ ಲಿಯೋನ್‌ನ ಫ್ರೀಟೌನಿನಲ್ಲಿ ಬ್ಲ್ಯಾಕ್‌ಲಾಕ್ ಮತ್ತು ಗಾರ್ಡನ್ ಎಂಬಿಬ್ಬರು ಇದೇ ಸೋಂಕನ್ನು ಹೆರಿಗೆಗೂ ಎಳೆಗೂಸಿನ ಗತಿಗೂ ಜೋಡಿಸಿ ನೋಡಿದರು. ಅದನ್ನೂ ಹೆಚ್ಚು ಜನ ಓದಲಿಲ್ಲ.

ಕಣ್ಣು ತೆರೆಸಿದ್ದು ಸಿಲೋನ್, ಅಂದರೆ ಇಂದಿನ ಶ್ರೀಲಂಕಾ. 1934ರಲ್ಲಿ ಅಲ್ಲಿ ಮುಂಗಾರು ಕೈಕೊಟ್ಟಿತು. ವರ್ಷವಿಡೀ ರಭಸದಿಂದ ಹರಿಯುತ್ತಿದ್ದ ಕೆಲನಿ ಗಂಗಾ, ಮಹಾ ಓಯ ನದಿಗಳು ಬತ್ತಿ, ಮರಳಿನ ಮೇಲೆ, ಬಂಡೆಗಳ ಸಂದಿಯಲ್ಲಿ ಮಡುಗಟ್ಟಿದವು. ಬಿಸಿಲು ಬೀಳುವ ಆ ತಿಳಿನೀರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಟ್ಟಿತು. ಕೇಗಾಲೆ, ಕುರುನೇಗಲ ಕಡೆಯ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದರು. ಬೆಳೆಯೂ ಹೋಗಿತ್ತು, ಹೊಟ್ಟೆಗೂ ಇರಲಿಲ್ಲ. 1935ರ ಮಧ್ಯಭಾಗದ ಹೊತ್ತಿಗೆ ಸತ್ತವರು ಸುಮಾರು 80,000. ಕೊಲಂಬೊದಿಂದ ಹಳ್ಳಿಗಳಿಗೆ ಹೋದ ಸೂರ್ಯಮಲ್ ಎಂಬ ಚಳವಳಿಯ ಸ್ವಯಂಸೇವಕರು ಹಸಿದವರಿಗೆ ಮಾರ್ಮೈಟ್ ಎಂಬ ಯೀಸ್ಟಿನ ಸಾರ ಹಂಚಿದರು. ಕೆಲವೇ ವರ್ಷಗಳ ಹಿಂದೆ ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ರಕ್ತಹೀನ ಬಸುರಿಯರನ್ನು ಗುಣಪಡಿಸಿದ್ದೂ ಅದರಿಂದಲೇ. ಅದರೊಳಗಿದ್ದ ಪೋಷಕಾಂಶ ಫೋಲಿಕ್ ಆಮ್ಲವೆಂಬುದು ಆಮೇಲೆ ತಿಳಿಯಿತು. ಇಂದು ನಮ್ಮ ಅಂಗನವಾಡಿಗೆ ಬರುವ ಪ್ರತಿ ಬಸುರಿ ನುಂಗುವ ಮಾತ್ರೆಯಲ್ಲಿ ಅದೇ ಇದೆ.

ಆ ಸಾವಿನ ನಡುವೆ ಬಸುರಿಯರನ್ನೇ ಬೇರೆಯಾಗಿ ಎಣಿಸಿದವರು ಕೊಲಂಬೊದ ಪ್ರಸೂತಿತಜ್ಞ ಜಿ. ಎ. ಡಬ್ಲ್ಯು. ವಿಕ್ರಮಸೂರಿಯ. ಇವರ ಹೆಸರನ್ನು ನಮ್ಮ ಕಡೆ ಕೇಳಿದವರೇ ಕಡಿಮೆ, ಇದು ಅನ್ಯಾಯ. ಮಲೇರಿಯಾ ಬಂದ ಬಸುರಿಯರು ಇತರ ಹೆಂಗಸರಿಗಿಂತ ಸುಮಾರು ಇಮ್ಮಡಿ ಪ್ರಮಾಣದಲ್ಲಿ ಸಾಯುತ್ತಿದ್ದಾರೆಂದು ಅವರು ತೋರಿಸಿದರು. ಗರ್ಭಪಾತ, ದಿನ ತುಂಬದ ಹೆರಿಗೆ, ಸತ್ತು ಹುಟ್ಟಿದ ಕೂಸು, ಕೊಕ್ಕೆಹುಳು ಮೊದಲೇ ಹೀರಿದ್ದ ರಕ್ತ, ಎಲ್ಲವನ್ನೂ ಬರೆದಿಟ್ಟು 1937ರಲ್ಲಿ ಪುಸ್ತಕವಾಗಿಸಿದರು. ಗರ್ಭಿಣಿಯ ಮಲೇರಿಯಾ ಬೇರೆಯೇ ಕಾಯಿಲೆಯೆಂದು ನೋಡಬೇಕು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಆಗ ಇರಲಿಲ್ಲ.

ನಮ್ಮ ದೇಶದಲ್ಲಿ ಮುಂದಿನದು ಡಿಡಿಟಿ ಎಂಬ ಕೀಟನಾಶಕದ ಕಾಲ. 1946ರ ಸುಮಾರಿಗೆ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಧಾರವಾಡ ಮತ್ತು ಉತ್ತರ ಕನ್ನಡದ ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಹೊಡೆಸಿದರು. 1953ರಲ್ಲಿ ದೇಶವ್ಯಾಪಿ ಯೋಜನೆ ಬಂತು, ವರ್ಷಕ್ಕೆ ಏಳೂವರೆ ಕೋಟಿಯೆಂದು ಅಂದಾಜಿದ್ದ ಪ್ರಕರಣ 1960ರ ದಶಕದಲ್ಲಿ ಲಕ್ಷದ ಆಸುಪಾಸಿಗೆ ಇಳಿಯಿತು, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು.

ಇಷ್ಟಾದರೂ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಆಫ್ರಿಕದ ಹಳ್ಳಿಯಲ್ಲಿ ಚಿಕ್ಕಂದಿನಿಂದ ಚಳಿಜ್ವರ ಉಂಡು ಅರಗಿಸಿಕೊಂಡ ಹೆಣ್ಣು, ದೊಡ್ಡವಳಾದ ಮೇಲೆ ಅದಕ್ಕೆ ಅಂಜಬೇಕಿಲ್ಲ. ಅವಳೇ ಚೊಚ್ಚಲ ಬಸುರಿಯಾದಾಗ ಏಕೆ ಸೋಲುತ್ತಾಳೆ? ಮೂರನೆಯ, ನಾಲ್ಕನೆಯ ಬಸುರಿಗೆ ಏಕೆ ಮತ್ತೆ ಗೆಲ್ಲುತ್ತಾಳೆ? ಬಸುರಿಯ ರೋಗನಿರೋಧಕ ಶಕ್ತಿಯೇ ಕುಗ್ಗುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಹಾಗಿದ್ದರೆ ಪ್ರತಿ ಬಸುರಿಗೂ ಕುಗ್ಗಬೇಕಲ್ಲ!

ಉತ್ತರ ಬಂದದ್ದು ಕೀನ್ಯಾದ ಕಿಸುಮುವಿನಿಂದ, 1996ರಲ್ಲಿ. ಮಿಖಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಹೆರಿಗೆಯಾದ ಮಾಸುಗಳಿಂದ ಸೋಂಕಿತ ಕೆಂಪು ರಕ್ತಕಣಗಳನ್ನು ತೊಳೆದು ತೆಗೆದು, ಅವು ಯಾವುದಕ್ಕೆ ಅಂಟುತ್ತವೆ ಎಂದು ಪರೀಕ್ಷಿಸಿದರು. ಬಸುರಿಯಲ್ಲದವರ ಮೈಯಿಂದ ಬಂದ ರೋಗಾಣು ರಕ್ತನಾಳದ ಒಳಗೋಡೆಗೆ ಅಂಟುತ್ತಿತ್ತು. ಮಾಸಿನಿಂದ ಬಂದದ್ದು ಅದನ್ನು ಬಿಟ್ಟು ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಸಕ್ಕರೆ ಜಾತಿಯ ಅಣುವಿಗೆ ಅಂಟಿತು. ಮಾಸಿನಲ್ಲಿ ಆ ಅಣು ಧಾರಾಳ. ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ ರೋಗಾಣು ಬಸುರಿಯ ಮೈಯಲ್ಲಿ ಹೊಸ ವೇಷ ತೊಡುತ್ತದೆ, ಚೊಚ್ಚಲ ಬಸುರಿ ಆ ವೇಷವನ್ನು ಹಿಂದೆ ಕಂಡಿರುವುದಿಲ್ಲ. ಒಮ್ಮೆ ಕಂಡ ಮೇಲೆ ಅವಳ ರಕ್ತ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಎಷ್ಟು ಸರಳ, ಎಷ್ಟು ಚೆಂದದ ಉತ್ತರ! ಸಿಲೋನಿನ ಹೆಂಗಸರಿಗೆ ಚಿಕ್ಕಂದಿನ ಆ ರಕ್ಷಣೆಯೂ ಇರಲಿಲ್ಲ.

ಕೂಸಿಗೆ ಆಗುವುದೇನು? ಮಾಸಿನೊಳಗೆ ಕೂಸಿನ ರಕ್ತನಾಳಗಳ ಎಳೆಗಳು ತಾಯಿಯ ರಕ್ತದಲ್ಲಿ ಆಲದ ಬಿಳಲುಗಳಂತೆ ಇಳಿಬಿದ್ದಿರುತ್ತವೆ. ಗಾಳಿ, ಅನ್ನ ಎಲ್ಲ ಅಲ್ಲಿಂದಲೇ. ಅಲ್ಲಿ ಸೋಂಕಿತ ಕಣಗಳು ಗುಂಪುಗಟ್ಟಿದರೆ ತಾಯಿಯ ಬಿಳಿ ರಕ್ತಕಣಗಳೂ ನುಗ್ಗುತ್ತವೆ, ಉರಿಯೂತವಾಗುತ್ತದೆ, ಆಹಾರ ದಾಟಿಸುವ ಕೆಲಸ ಕುಂಟುತ್ತದೆ. ಕೂಸು ಬೆಳೆಯುವುದು ನಿಧಾನವಾಗುತ್ತದೆ, ಇಲ್ಲವೇ ಬೇಗ ಹುಟ್ಟುತ್ತದೆ. ಎರಡೂವರೆ ಕಿಲೋ ತೂಗದ ಕೂಸಿಗೆ ಮೊದಲ ತಿಂಗಳು ದಾಟುವುದೇ ದೊಡ್ಡ ಹೋರಾಟ. ಕರ್ನಾಟಕದಲ್ಲಿ ಹೆಚ್ಚಾಗಿರುವ ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಮಾಸಿನಲ್ಲಿ ಹೀಗೆ ಮನೆ ಮಾಡದಿದ್ದರೂ ತಾಯಿಯ ರಕ್ತ ಇಳಿಸಿ ಕೂಸಿನ ತೂಕ ತಗ್ಗಿಸುತ್ತದೆ.

ಔಷಧಿಯ ಕಥೆ ನೋವಿನದು. ಕ್ವಿನೈನ್ ಎಂಬ ಮದ್ದು ಕೊಟ್ಟರೆ ಬಸುರು ಇಳಿದುಹೋಗುತ್ತದೆಂದು ವೈದ್ಯರು ಬಹುಕಾಲ ಹಿಂಜರಿದರು. 1985ರಲ್ಲಿ ಥಾಯ್ಲೆಂಡಿನ ವೈದ್ಯರು ತೀವ್ರ ಮಲೇರಿಯಾದ ತುಂಬು ಬಸುರಿಯರಿಗೆ ಕ್ವಿನೈನ್ ಕೊಟ್ಟು ನೋಡಿದರೆ, ಜ್ವರ ಇಳಿದಂತೆ ಗರ್ಭಕೋಶದ ಬಿಗಿತವೇ ಸಡಿಲಿತು. ಬಸುರಿಗೆ ಕೇಡಾಗಿದ್ದು ಜ್ವರದಿಂದ. ಕ್ವಿನೈನಿನ ನಿಜವಾದ ಅಪಾಯ ರಕ್ತದ ಸಕ್ಕರೆ ಕುಸಿಯುವುದು, ಅದರ ಮೇಲೆ ಕಣ್ಣಿಟ್ಟರೆ ತಡೆಯಬಹುದು. ಮುಂದೆ ಆರ್ಟೆಮಿಸಿನಿನ್ ಜೋಡಿಮಾತ್ರೆಗಳು ಬಂದವು. 2006ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಅವನ್ನೇ ಮೊದಲ ಮದ್ದೆಂದಿತು. ಮೊದಲ ಮೂರು ತಿಂಗಳ ಬಸುರಿಗೆ ಮಾತ್ರ ಹಳೆಯ ಕ್ವಿನೈನೇ ಉಳಿಯಿತು, ಆರ್ಟೆಮೀಥರ್-ಲುಮೆಫ್ಯಾಂಟ್ರಿನ್ ಎಂಬ ಜೋಡಿಮಾತ್ರೆ ಕೊಡಬಹುದೆಂಬ ಶಿಫಾರಸು ಬರಲು 2022ರ ಕೊನೆಯಾಯಿತು. ಬಸುರಿಯನ್ನು ಕಾಪಾಡುತ್ತೇವೆಂದು ಔಷಧಿ ಪರೀಕ್ಷೆಗಳಿಂದ ಅವಳನ್ನು ದೂರವಿಟ್ಟದ್ದರ ಫಲವಿದು. ಅದೇ 2022ರಲ್ಲಿ ಆಫ್ರಿಕದಲ್ಲಿ ಸುಮಾರು 1.27 ಕೋಟಿ ಬಸುರಿಯರಿಗೆ ಮಲೇರಿಯಾ ತಗಲಿತ್ತು. ಮಾಸಿನ ಮಲೇರಿಯಾ ತಡೆಯುವ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಶ್ರೀಲಂಕಾ ಕೊನೆಗೆ ಗೆದ್ದಿತು. 2016ರಲ್ಲಿ ಅದು ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ನಮ್ಮಲ್ಲಿ ಮಂಗಳೂರು 1990ರ ನಂತರ ಬಹಳ ಅನುಭವಿಸಿದೆ. ಕಟ್ಟಡ ಕಟ್ಟುವಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕು, ಬಾವಿ, ಇವಿಷ್ಟು ಸಾಕು ಪಟ್ಟಣದ ಸೊಳ್ಳೆಗೆ. ಈಗ ಪ್ರಕರಣಗಳು ಬಹಳ ಇಳಿದಿವೆ, ಆದರೆ ಊರಿಂದೂರಿಗೆ ಕೂಲಿಗೆ ಹೋಗುವ ಕುಟುಂಬಗಳಲ್ಲಿ ಬಸುರಿಯರೂ ಇರುತ್ತಾರೆ. ಮನೆಯಲ್ಲಿ ಬಸುರಿಯಿದ್ದು ಜ್ವರ ಬಂದರೆ, ಮೈಕೈ ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ದುಡ್ಡಿಲ್ಲ. ಎಷ್ಟು ತಿಂಗಳೆಂದು ವೈದ್ಯರಿಗೆ ಮೊದಲೇ ಹೇಳಿ, ಏಕೆಂದರೆ ಮದ್ದು ಅದರ ಮೇಲೆ ಬದಲಾಗುತ್ತದೆ. ವೈವಾಕ್ಸ್‌ಗೆ ಸಾಮಾನ್ಯವಾಗಿ ಕೊಡುವ ಪ್ರೈಮಾಕ್ವಿನ್ ಮಾತ್ರೆಯನ್ನು ಬಸುರಿಗೆ ಕೊಡಬಾರದು. ಮನೆಯಲ್ಲಿ ಸೊಳ್ಳೆಪರದೆ ಒಂದೇ ಇದ್ದರೆ, ಅದು ಅವಳಿಗಿರಲಿ.